ಓರಗಿತ್ತಿಯ ಸೊಟ್ಟ ಬೆರಳು

ನನ್ನ ಓರಗಿತ್ತಿಯ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಜೀಪಿನ ಬಾಗಿಲಿಗೆ ಸಿಕ್ಕಿ ಮುರಿದದ್ದು, ಸರಿಯಾಗಿ ಕೂಡಿರಲಿಲ್ಲ. ಅವರು ಹಲಸಿನ ಮರ ತೋರಿಸಿದರೆ ನಾವೆಲ್ಲ ಪಕ್ಕದ ಸಿಲ್ವರ್ ಓಕ್ ಮರ ನೋಡುತ್ತಿದ್ದೆವು. ನನ್ನ ಮಗಳಿಗೆ ಮಾತ್ರ ಆ ಬೆರಳು ಏನನ್ನು ತೋರಿಸುತ್ತಿದೆ ಎಂದು ಮಾತು ಕಲಿಯುವ ಮೊದಲೇ ತಿಳಿದಿತ್ತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಅವರು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎಂದು ಕರೆಯುತ್ತಿದ್ದೆ. ಬಾಯಲ್ಲಿ ‘ನೀವು’, ಮನಸ್ಸಿನಲ್ಲಿ ಎಷ್ಟೋ ಸಲ ಏಕವಚನ. ಕೊಟ್ಟಿಗೆಹಾರದ ಹತ್ತಿರ ನಮ್ಮದು ಒಂದೇ ಕಾಫಿ ತೋಟ, ಒಂದೇ ಅಂಗಳ, ಮನೆ ಮಾತ್ರ ಬೇರೆ ಬೇರೆ. ಮಗಳು ಹಲ್ಲುಜ್ಜುವುದು ನನ್ನ ಮನೆಯಲ್ಲಿ, ತಿಂಡಿ ತಿನ್ನುವುದು ದೊಡ್ಡಮ್ಮನ ಮನೆಯಲ್ಲಿ. ನಾನು ಮಾಡಿದ ದೋಸೆ ಅವರು ಮಾಡಿದ ದೋಸೆಗಿಂತ ತೆಳ್ಳಗೆ, ಗರಿಗರಿಯಾಗಿ ಇರುತ್ತಿತ್ತು. ಈಗಲೂ ಬೇಕಾದರೆ ಯಾರಾದರೂ ಬಂದು ತಿಂದು ಹೇಳಲಿ. ಆದರೆ ಅವರ ದೋಸೆಯ ಜೊತೆಗೆ ಒಂದು ಕತೆ ಬರುತ್ತಿತ್ತು. ಅದು ನನ್ನ ಹತ್ತಿರ ಇರಲಿಲ್ಲ.

ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಾನು ಚಿಕ್ಕಮಗಳೂರು ಪೇಟೆಯ ಬಟ್ಟೆ ಅಂಗಡಿಯವರ ಮಗಳು, ಕಾಲೇಜಿನಲ್ಲಿ ಇತಿಹಾಸ ಓದಿದವಳು, ಮದುವೆಗೆ ಮುಂಚೆ ಒಂದು ಶಾಲೆಯಲ್ಲಿ ಅದನ್ನೇ ಪಾಠ ಮಾಡಿದವಳು. ನನ್ನ ಹತ್ತಿರ ಇದ್ದದ್ದೆಲ್ಲ ನಡೆದದ್ದು, ಅವರ ಹತ್ತಿರ ಇದ್ದದ್ದೆಲ್ಲ ಹುಟ್ಟಿಸಿಕೊಂಡದ್ದು. ಮಗು ಎಲ್ಲಿಗೆ ಓಡುತ್ತದೆ ಎಂದು ಬೇರೆ ಹೇಳಬೇಕೆ?

ಕೊಯ್ಲು ಮುಗಿದು, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಲಾರಿ ಹತ್ತಿದ ಮೇಲೆ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗೆ ಕಾಯುವ ದಿನಗಳಲ್ಲಿ ನಮ್ಮ ಮನೆಯವರೆಲ್ಲ ಟೆಂಟ್ ಹಾಕಲು ಹೋಗುವ ರೂಢಿಯಿತ್ತು. ಕಣದಲ್ಲಿ ಕಾಫಿ ಒಣಗಿಸಿದ ಟಾರ್ಪಾಲನ್ನೇ ಕಂಬಕ್ಕೆ ಬಿಗಿದರೆ ಅದೇ ಟೆಂಟು. ಎಷ್ಟು ಒದರಿದರೂ ಮಡಿಕೆಯಿಂದ ಬೀಜ ಉದುರುತ್ತಿತ್ತು, ಮಲಗಿದರೆ ಬೆನ್ನಿಗೆ ಚುಚ್ಚುತ್ತಿತ್ತು. ಮಗಳಿಗೆ ಏಳು ತುಂಬಿದ ವರ್ಷ ಯಗಚಿ ಹಿನ್ನೀರಿನ ದಂಡೆಯಲ್ಲಿ ಟೆಂಟ್ ಹಾಕುವುದು, ಅಲ್ಲಿಂದ ಬೇಲೂರು ನೋಡಿ ಬರುವುದು ಎಂದಾಯಿತು. ನನಗೆ ಒಳಗೊಳಗೇ ಹಿಗ್ಗು. ಬೇಲೂರು ಒಂದು ಕಾಲದ ರಾಜಧಾನಿ. ಅಲ್ಲಿ ನನ್ನನ್ನು ಬಿಟ್ಟರೆ ಯಾರು ಏನು ಹೇಳಬಲ್ಲರು? ಹಳೆಯ ಪುಸ್ತಕ ತೆಗೆದು ಮತ್ತೊಮ್ಮೆ ಓದಿಕೊಂಡೆ. ಮಗಳ ಬಾಯಲ್ಲಿ ಒಂದೇ ಒಂದು ಸಲ, ‘ಅಮ್ಮ, ನೀನು ದೊಡ್ಡಮ್ಮಂಗಿಂತ ಚೆನ್ನಾಗಿ ಹೇಳ್ತೀಯ’ ಎಂದು ಕೇಳಬೇಕಿತ್ತು ನನಗೆ. ಬೇರೇನೂ ಬೇಡವಾಗಿತ್ತು.

ಮೊದಲ ದಿನವೇ ಗ್ರಹಚಾರ ಕೆಟ್ಟಿತು. ಹಟಕ್ಕೆ ಬಿದ್ದು ನಾನು ಮಾಡಿದ ಪಲಾವ್ ತಳ ಹಿಡಿಯಿತು. ಅಕ್ಕ ಕಾಫಿ ಗಿಡದಿಂದ ಕತ್ತರಿಸಿದ ರೆಕ್ಕೆಯ ಒಣ ಸೌದೆ ಒಟ್ಟಿ, ಕಡುಬು ಬೇಯಿಸಿ, ಕೋಳಿ ಸಾರು ಮಾಡಿದರು. ನನ್ನ ಗಂಡ ನಾಚಿಕೆಯಿಲ್ಲದೆ ಎರಡನೇ ಸಲ ಬಡಿಸಿಕೊಂಡರು. “ಪಲಾವ್ ಚೆನ್ನಾಗೇ ಆಗಿದೆ ಕಣೇ, ಮೇಲಿಂದ ತೆಕ್ಕೊಂಡ್ರೆ ಆಯ್ತು,” ಎಂದರು ಅಕ್ಕ. ಆ ಸಮಾಧಾನದ ಮಾತಿಗೆ ನನಗೆ ಇನ್ನಷ್ಟು ಉರಿಯಿತು.

ಮಾರನೆಯ ದಿನ ಬೇಲೂರು. ಬಿಸಿಲಿಗೆ ಹಾಸುಗಲ್ಲು ಕಾದಿತ್ತು. ಬರಿಗಾಲಲ್ಲಿ ಕುಣಿಯುತ್ತ ದೇವಸ್ಥಾನದ ಜಗತಿ ಹತ್ತಿದೆವು. ನಾನು ಮಗಳ ಕೈ ಹಿಡಿದು ಹೊಯ್ಸಳರ ವಂಶದಿಂದ ಆರಂಭಿಸಿದೆ. ಬಳಪದ ಕಲ್ಲು ಯಾಕೆ ಕೆತ್ತಲು ಸುಲಭ, ಗೋಡೆ ಯಾಕೆ ನಕ್ಷತ್ರದ ಹಾಗೆ ಮಡಿಚಿದೆ, ಎಲ್ಲವನ್ನೂ ಹೇಳಿದೆ. ಅವಳು ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಉಜ್ಜುತ್ತ, “ಹೂಂ, ಹೂಂ” ಎನ್ನುತ್ತಿದ್ದಳು. ಕಣ್ಣು ಮಾತ್ರ ಆಚೆ ಮೂಲೆಯಲ್ಲಿತ್ತು. ಅಲ್ಲಿ ಅಕ್ಕ ಕತ್ತು ಮೇಲೆತ್ತಿ, ಮದನಿಕೆಯ ಶಿಲ್ಪದ ಕಡೆಗೆ ಬೆರಳು ಚಾಚಿ, ತಮ್ಮಷ್ಟಕ್ಕೇ ನಗುತ್ತಿದ್ದರು. ನಾನು ಎರಡನೇ ರಾಜನಿಗೆ ಬರುವಷ್ಟರಲ್ಲಿ ನನ್ನ ಕೈ ಖಾಲಿಯಾಗಿತ್ತು.

ನಾನು ಹಿಂದೆ ಹೋಗಲಿಲ್ಲ. ಗೋಡೆಯ ಮಡಿಕೆಯೊಂದರ ಮರೆಗೆ ಹೋಗಿ, ಆನೆಗಳ ಸಾಲು ನೋಡುವವಳ ಹಾಗೆ ನಿಂತು, ಕಿವಿಯನ್ನು ಆ ಕಡೆಗೆ ಕೊಟ್ಟೆ.

“ಇವಳು ಕನ್ನಡಿ ನೋಡ್ಕೊತಿದಾಳಲ್ಲ, ಇವಳ ಅತ್ತೆ ಇವತ್ತು ಕಳಸದ ಜಾತ್ರೆಗೆ ಹೋಗಿದಾರೆ. ಇಲ್ದಿದ್ರೆ ಎಲ್ಲಿ ಪುರ್ಸೊತ್ತು?”

ಮಗಳು ಕಿಲಕಿಲ ನಕ್ಕಳು. “ಅವಳ ಕತ್ತಲ್ಲಿ ಎಂಥದು ದೊಡ್ಡಮ್ಮ, ಸರ?”

“ಕಾಫಿ ಹಣ್ಣಿಂದು. ಕೊಯ್ಲಿಗೆ ಹೋದಾಗ ಪೋಣಿಸ್ಕೊಂಡಿದ್ದು.”

ಇದು ಅತಿಯಾಯಿತು. ನಾನು ಮರೆಯಿಂದ ಹೊರಗೆ ಬಂದೆ. “ಅಕ್ಕ, ಹೊಯ್ಸಳರ ಕಾಲದಲ್ಲಿ ಇಲ್ಲಿ ಕಾಫಿಯೇ ಇರಲಿಲ್ಲ. ಅದು ಬಂದದ್ದು ಎಷ್ಟೋ ನೂರು ವರ್ಷ ಆದ ಮೇಲೆ. ಮಗುವಿಗೆ ತಪ್ಪು ಹೇಳಿಕೊಡಬೇಡಿ.”

ಅಕ್ಕ ನಿಜಕ್ಕೂ ಆಶ್ಚರ್ಯಪಟ್ಟರು. ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಕಾಫಿ ಕುಡೀದೆ ಇಷ್ಟೆಲ್ಲ ಕೆತ್ತಿದ್ರಾ ಮಾರಾಯ್ತಿ? ನಂಗೆ ನಂಬಿಕೆ ಬರಲ್ಲ.”

ಭಾವ, ನನ್ನ ಗಂಡ, ಗುರುತಿಲ್ಲದ ಇಬ್ಬರು ಪ್ರವಾಸಿಗರು, ಎಲ್ಲರೂ ನಕ್ಕರು. ನನ್ನ ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಹೇಳಿದ್ದೇ ಸರಿ. ಅವತ್ತೂ ಸರಿ, ಇವತ್ತೂ ಸರಿ. ಅದರಿಂದ ನನಗೆ ಆದ ಲಾಭ ಏನೂ ಇಲ್ಲ. ಮುಖ ಊದಿಸಿಕೊಂಡು ಮತ್ತೆ ಆನೆಗಳ ಹತ್ತಿರ ಹೋಗಿ ನಿಂತೆ.

ಆಗಲೇ ಅವರು ಆ ತಲೆ ಹಿಂಡಿಕೊಳ್ಳುವ ಹೆಂಗಸಿನ ಕತೆ ಹೇಳಿದ್ದು. ನೆನೆದ ಕೂದಲನ್ನು ಒಂದು ಪಕ್ಕಕ್ಕೆ ತಂದು ಹಿಂಡುತ್ತಿರುವ ಮದನಿಕೆ.

“ಇವಳ ತೋಟಕ್ಕೆ ಹೂಮಳೆ ಬಂದಿರ್ಲಿಲ್ಲ ಪುಟ್ಟಿ. ಪಕ್ಕದ ತೋಟಕ್ಕೆ ಸುರೀತು, ಬೇಲಿ ಈಚೆ ಒಂದು ಹನಿ ಇಲ್ಲ. ಇವಳು ಬೇಲಿ ಹತ್ರ ನಿಂತು ಹೊಟ್ಟೆ ಉರ್ಕೊಂಡು ನೋಡಿದ್ಲು. ಅವರ ಕಾಫಿ ಗಿಡ ಎಲ್ಲ ಬೆಳ್ಳಗೆ ಹೂವಾಯ್ತು, ಘಮ ಮಾತ್ರ ಇವಳ ಮನೆ ಒಳಗೆ ಬಂತು. ಕಿಟಕಿ ಹಾಕಿದ್ಲು, ಆದ್ರೂ ಬಂತು. ಆಮೇಲೆ ಒಂದಿನ ಇವಳ ತೋಟಕ್ಕೂ ಬಂತು ನೋಡು ಮಳೆ. ಎಲ್ರೂ ಒಳಗೆ ಓಡಿದ್ರು, ಇವಳು ಓಡ್ಲಿಲ್ಲ. ನಿಂತಲ್ಲೇ ನೆಂದ್ಲು. ಶೀತ ಆಗತ್ತೆ ಅಂತ ಅತ್ತೆ ಬೈತಿದಾರೆ, ಇವಳಿಗೆ ಕೇಳಿಸ್ತಾನೇ ಇಲ್ಲ. ಮುಖ ನೋಡು.”

ನನಗೆ ಕೇಳಲಿ ಎಂದೇ ಹೇಳಿದರೋ ಏನೋ ಗೊತ್ತಿಲ್ಲ. ಸಂಜೆ ಟೆಂಟಿನ ಹತ್ತಿರ ಪಾತ್ರೆ ತೊಳೆಯುವಾಗ ಮೆಲ್ಲಗೆ, “ನಿನ್ ಮಗಳನ್ನ ನಾನೇನು ಕಿತ್ಕೊಂಡು ಹೋಗಲ್ಲ ಕಣೇ,” ಎಂದರು. ನಾನು ಕೈಯಲ್ಲಿದ್ದ ಪಾತ್ರೆಯನ್ನು ಇನ್ನಷ್ಟು ಜೋರಾಗಿ ಉಜ್ಜಿದೆ. ಕಿತ್ತುಕೊಂಡಾಗಿತ್ತಲ್ಲ.

ಅಕ್ಕ ದೇವತೆಯೇನಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದರು. ಜೀಪಿನಲ್ಲಿ ಮುಂದಿನ ಸೀಟು ಯಾರಿಗೂ ಬಿಡುತ್ತಿರಲಿಲ್ಲ. ತಮ್ಮ ಕತೆಗೆ ಯಾರಾದರೂ ನಗದಿದ್ದರೆ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದರು. ಇದನ್ನೆಲ್ಲ ಬರೆದಿಡುವುದು ನನ್ನ ಹಕ್ಕು.

ಕಳೆದ ಮಳೆಗಾಲದಲ್ಲಿ, ನಾಲ್ಕು ದಿನದ ಜ್ವರಕ್ಕೆ ಅಕ್ಕ ಹೋಗಿಬಿಟ್ಟರು. ಮಗಳು ಈಗ ಮೂಡಿಗೆರೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾಳೆ. ಸುದ್ದಿ ಕೇಳಿ ಓಡಿಬಂದು, ಅಂಗಳದಲ್ಲೇ ಕುಸಿದು ಅತ್ತಳು. ನಾನು ಅವಳ ಬೆನ್ನು ಸವರುತ್ತ, ನಾನು ಸತ್ತರೆ ಇವಳು ಇಷ್ಟು ಅಳುತ್ತಾಳಾ ಎಂದು ಯೋಚಿಸಿದೆ. ಸಾವಿನ ಮನೆಯಲ್ಲೂ ನನ್ನ ಬುದ್ಧಿ ಹೀಗೆ.

ಈ ವರ್ಷ ಕೊಯ್ಲು ಮುಗಿದ ಮೇಲೆ ಮಗಳೇ, “ಅಮ್ಮ, ಬೇಲೂರಿಗೆ ಹೋಗೋಣ, ಟೆಂಟ್ ತಂದಿದೀನಿ,” ಎಂದಳು. ಬಿಸಾಕಿದರೆ ತಾನೇ ಬಿಚ್ಚಿಕೊಳ್ಳುವ ಹೊಸ ಟೆಂಟು. ಅದಕ್ಕೆ ಯಾವ ವಾಸನೆಯೂ ಇಲ್ಲ, ಬೆನ್ನಿಗೆ ಏನೂ ಚುಚ್ಚುವುದಿಲ್ಲ. ನಾವಿಬ್ಬರೇ. ಅಡ್ಡ ಬರುವವರು ಯಾರೂ ಇಲ್ಲ. ಜಗತಿ ಹತ್ತಿ, ಗಂಟಲು ಸರಿಮಾಡಿಕೊಂಡು, ಹೊಯ್ಸಳರ ವಂಶದಿಂದ ಆರಂಭಿಸಿದೆ.

ಅವಳು ಸುಮ್ಮನೆ ಕೇಳಿದಳು. ಆಮೇಲೆ ಆ ಮೂಲೆಗೆ ಹೋಗಿ ಕತ್ತೆತ್ತಿ ನಿಂತಳು. “ತಲೆ ಹಿಂಡ್ಕೊಳೋಳ ಕತೆ ಏನಮ್ಮ ಅದು? ದೊಡ್ಡಮ್ಮ ಹೇಳಿದ್ರು. ಮಳೆ ಅಂತ ನೆನಪು, ಮುಂದೆ ಮರೆತೇಹೋಗಿದೆ. ಎಷ್ಟು ಯೋಚನೆ ಮಾಡಿದ್ರೂ ಬರ್ತಿಲ್ಲ.”

ನಗುತ್ತ ಕೇಳಿದವಳಿಗೆ ಮರೆತಿತ್ತು. ಉರಿಯುತ್ತ ಕೇಳಿದ ನನಗೆ ಒಂದಕ್ಷರವೂ ಮರೆತಿರಲಿಲ್ಲ.

ಬೇಲಿ, ಪಕ್ಕದ ತೋಟ, ಕಿಟಕಿ ಹಾಕಿದರೂ ಒಳಗೆ ಬಂದ ಘಮ, ಬೈಯುವ ಅತ್ತೆ, ಎಲ್ಲವನ್ನೂ ಅಕ್ಕನ ಮಾತಿನಲ್ಲೇ ಹೇಳಿದೆ. ಕಾಫಿಯ ತಪ್ಪನ್ನೂ ತಿದ್ದಲಿಲ್ಲ. ಮಗಳು ಕಣ್ಣೊರೆಸಿಕೊಂಡು ನಕ್ಕಳು, ನನ್ನ ತೋಳು ಹಿಡಿದುಕೊಂಡಳು.

“ಅಮ್ಮ, ನೀನು ದೊಡ್ಡಮ್ಮಂಗಿಂತ ಚೆನ್ನಾಗಿ ಹೇಳ್ತೀಯ.”

ಇಷ್ಟು ವರ್ಷ ಕಾದ ಮಾತು. ನಾನು ಇನ್ನೂ ಮದನಿಕೆಯ ಕಡೆಗೆ ಚಾಚಿದ್ದ ಬೆರಳನ್ನು ನೋಡಿದೆ.

“ಇಲ್ಲ ಬಿಡೇ ಮಾರಾಯ್ತಿ,” ಎಂದೆ. “ನನ್ನ ಬೆರಳು ನೆಟ್ಟಗಿದೆ.”