ಅಂಬಲಿ ಗಡಿಗೆಯ ಶರಬತ್ತು

ನಮ್ಮ ನೆಗೆಣ್ಣಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಶರಬತ್ತಿಗೆಂದು ಸುಗಂಧಿ ಬೇರಿನ ಸಿಪ್ಪೆ ಬಿಡಿಸಿ ಬಿಡಿಸಿ ಹಾಗಾದದ್ದು. ಎಷ್ಟು ತೊಳೆದರೂ ಆ ಕೈಯಿಂದ ಬೇರಿನ ವಾಸನೆ ಹೋಗುತ್ತಿರಲಿಲ್ಲ. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಎನ್ನುತ್ತಿದ್ದೆ. ಮಾನ್ವಿಯಲ್ಲಿ ನಮ್ಮದು ಒಂದೇ ಅಂಗಳ, ಎರಡು ಒಲೆ.

ಮಾತು ಸವಿಯಲ್ಲ, ಶರಬತ್ತು ಮಾತ್ರ ಸವಿ. ಹೊಲದ ಬದುವಿನಲ್ಲಿ ಬೇರು ಅಗೆಯುವಾಗ ಅರ್ಧ ಮಣ್ಣಲ್ಲೇ ಬಿಟ್ಟು ಮುಚ್ಚುತ್ತಿದ್ದಳು. "ಪೂರಾ ಕಿತ್ತರ ಮುಂದಿನ ಬ್ಯಾಸಿಗ್ಯಾಗ ಮಣ್ಣು ಕುಡಿತೀಯೇನು?" ಎಂದು ನನಗೂ ಬೈಯುವಳು. ಒಳಗಿನ ನಾರು ತೆಗೆದು, ಸಿಪ್ಪೆ ಜಜ್ಜಿ ನೆನೆಹಾಕಿ, ಕುದಿಸಿ ಸೋಸಿ, ಸಕ್ಕರೆ ಹಾಕಿ ಪಾಕ ಮಾಡಿಡುವಳು. ಕೊಡುವಾಗ ನೀರು, ಒಂದಿಷ್ಟು ನಿಂಬೆ.

ಕಲಿತದ್ದು ಗಂಡನಿಗಾಗಿ. ಭಾವ ಸೇಂದಿ ಕುಡಿಯಲು ಹೊರಡುವ ಹೊತ್ತಿಗೆ ತಂಬಿಗೆ ತುಂಬ ಶರಬತ್ತು ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಅವನು ಅದನ್ನೂ ಕುಡಿದ, ಸೇಂದಿಯನ್ನೂ ಕುಡಿದ. ಸಂಜೆ ಬಂದರೆ ಬಾಗಿಲಲ್ಲೇ ಅವನ ಬಾಯಿ ಮೂಸಿ ನೋಡುವಳು, ಆಮೇಲೆ ಊಟಕ್ಕಿಡುವಳು. ಕಡೆಗೆ ಹೊಟ್ಟೆ ಊದಿ ಸತ್ತ. ಅವಳು ಶರಬತ್ತು ನಿಲ್ಲಿಸಲಿಲ್ಲ. ಓಣಿಗೆಲ್ಲ ಕೊಟ್ಟಳು, ನನ್ನ ಮಗಳಿಗೂ ಕಲಿಸಿದಳು.

ಆ ಮಗಳನ್ನು ನೋಡಲು ರಾಯಚೂರಿನಿಂದ ಗಂಡಿನವರು ಬರುವವರಿದ್ದರು. ಹುಡುಗನಿಗೆ ಸರ್ಕಾರಿ ನೌಕರಿ. ನನಗೆ ಆ ಸಂಬಂಧ ಬೇಕೇ ಬೇಕಿತ್ತು. ಮಗಳು ಹಿಂದಿನ ದಿನವೇ ಶರಬತ್ತಿಗೆ ನೀರು ಬೆರೆಸಿ, ಬೇರೆ ಪಾತ್ರೆ ಸಿಗದೆ ಅಂಬಲಿ ಗಡಿಗೆಗೆ ತುಂಬಿಬಿಟ್ಟಳು. ಅಂಬಲಿ ಹುಳಿಸುವ ಗಡಿಗೆ, ತೊಳೆದರೆ ಹುಳಿ ಬಿಡುತ್ತದೆಯೇ? ಬೇಸಿಗೆ ಬೇರೆ. ಮರುದಿನ ಗಂಡಿನವರು ಬರುವ ಹೊತ್ತಿಗೆ ನೊರೆ ಎದ್ದಿತ್ತು.

ಕೈಕಾಲು ತೊಳೆಯಲು ಹಿತ್ತಲಿಗೆ ಬಂದ ಹುಡುಗ, ಅಕ್ಕ ಚೆಲ್ಲಲು ಗಡಿಗೆ ಎತ್ತುವುದನ್ನು ಕಂಡು ಬಗ್ಗಿ ಮೂಸಿದ.

"ಚೆಲ್ಲಬ್ಯಾಡ್ರಿ ದೊಡ್ಡವ್ವಾರ. ಬಾಯಿ ಕಟ್ಟಿ ಇನ್ನೊಂದಿನ ಇಡ್ರಿ. ಸೇಂದಿನೂ ಇದರ ಮುಂದ ನಿಲ್ಲಂಗಿಲ್ಲ."

"ಭಾಳ ಗೊತ್ತದಲ್ಲಪಾ ನಿನಗ?"

"ದಿನಾ ಸಂಜಿಗಿ ಗೆಳ್ಯಾರ ಕೂಡ ಕುಂದರ್ತೀವಿ, ಇಷ್ಟೂ ಗೊತ್ತಾಗಂಗಿಲ್ಲೇನ್ರಿ?" ಎಂದು ನಕ್ಕ.

ಅಕ್ಕ ಗಡಿಗೆಯನ್ನು ಅವನ ಕಾಲ ಬಳಿಯೇ ಬೋರಲು ಹಾಕಿದಳು. ಪಡಸಾಲೆಗೆ ಬಂದು ಹಿರಿಯರಿಗೆ ಬರೀ ನೀರು ಕೊಟ್ಟು, "ಹುಡುಗಿ ಕೊಡಂಗಿಲ್ರೀ. ಉಂಡು ಹೋಗ್ರಿ," ಎಂದಳು. ಅವರು ಉಣ್ಣದೆ ಹೋದರು.

ನಾನು ಅಂಗಳದಲ್ಲೇ ಹಾರಾಡಿದೆ. "ನಿನ್ನ ಗಂಡ ಕುಡದು ಸತ್ತ ಅಂತ ನನ್ನ ಮಗಳ ಲಗ್ನ ಮುರಿತೀಯೇನಬೇ?"

"ಹೌದು. ಅದಕ್ಕ ಮುರದೀನಿ. ಗಡಿಗಿ ಹುಳಿನೇ ಹೋಗಂಗಿಲ್ಲ, ಗಂಡಸಿನ ಹುಳಿ ಹೋಗ್ತದೇನು? ನಾ ತೊಳದು ನೋಡೀನಿ."

ಮಗಳು ನಡುವೆ ಬಂದಳು. "ಯವ್ವಾ, ನಾನೂ ಒಲ್ಲೆ." ಮುಗಿಯಿತು.

ಮುಂದೆ ಅವಳನ್ನು ದೇವದುರ್ಗಕ್ಕೆ ಕೊಟ್ಟೆವು. ಅಳಿಯನದು ಪಂಪ್‌ಸೆಟ್ ರಿಪೇರಿ ಅಂಗಡಿ, ನೌಕರಿಗೀಕರಿ ಇಲ್ಲ.

ಹೋದ ವರ್ಷ ಅಕ್ಕ ಹಾಸಿಗೆ ಹಿಡಿದಳು. ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಗಳು ಬಂದು ಚಮಚದಲ್ಲಿ ಶರಬತ್ತು ತುಟಿಗೆ ಹಚ್ಚಿದಳು. ಅಕ್ಕ ನೆಕ್ಕಿ, "ಲಿಂಬಿ ಹೆಚ್ಚಾಗ್ಯದ," ಎಂದಳು. ಅದೇ ಅವಳ ಕಡೆಯ ಮಾತು.

ಮೊನ್ನೆ ದೇವದುರ್ಗದಲ್ಲಿದ್ದೆ. ಸಂಜೆ ಅಳಿಯ ಮನೆಗೆ ಬಂದ. ಮಗಳು ಒಲೆ ಬಿಟ್ಟು ಏಳಲಿಲ್ಲ. "ಕೈಕಾಲು ತೊಳ್ಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವ," ಎಂದಳು, ಅಷ್ಟೆ. ಅಕ್ಕನಿಂದ ಶರಬತ್ತು ಕಲಿತಳು. ಬಾಯಿ ಮೂಸುವುದನ್ನು ಕಲಿಯಬೇಕಾಗಲಿಲ್ಲ.