ತಾಂಡೇಲ ಹರಜೀಭಾಯಿ ಮುಟ್ಟಿ ನೋಡಿದ ಕಡಲು

ನಮ್ಮ ಜಾಫರಾಬಾದಿನಲ್ಲಿ ದೋಣಿ ನಡೆಸುವ ತಾಂಡೇಲರು ಬಹಳ ಮಂದಿ, ಹರಜೀಭಾಯಿಯಂಥವನು ಒಬ್ಬನೇ. ತೆಂಕಣ ಕಡಲಲ್ಲಿ ಹುಟ್ಟಿದ ಚಂಡಮಾರುತ ಓಮಾನಿನತ್ತ ಹೋಗುತ್ತದೆ ಎಂದು ಅವನಪ್ಪ ಹೇಳಿದ್ದ. ನಲವತ್ತು ವರ್ಷ ಅವನೂ ಕಿರಿಯರಿಗೆ ಅದನ್ನೇ ಕಲಿಸಿದ.

ಆ ವೈಶಾಖದಲ್ಲಿ ರೇಡಿಯೊ ಚಂಡಮಾರುತದ ಸುದ್ದಿ ಹೇಳಿದಾಗ ನಮ್ಮ ಏಳು ದೋಣಿಗಳು ನಡುಗಡಲಲ್ಲಿದ್ದವು. ಹರಜೀಭಾಯಿ ಇಪ್ಪತ್ತು ಮಾರು ಆಳದಿಂದ ಲಂಗರು ಎಳೆಸಿ, ಒದ್ದೆ ಹಗ್ಗವನ್ನು ಕೆನ್ನೆಗೆ ಒತ್ತಿಕೊಂಡ. ಮೊದಲೆಲ್ಲ ತಣ್ಣಗೆ ಕೊರೆಯುತ್ತಿದ್ದ ಹಗ್ಗ ಈಗ ಬೆಚ್ಚಗಿತ್ತು.

"ಬಲೆ ಎತ್ರೋ, ಊರಿಗೆ ಹೋಗೋಣ!"

"ಏನ್ ಕಾಕಾ, ವಯಸ್ಸಾದ್ಮೇಲೆ ಪುಕ್ಕಲು ಬಂತಾ?" ಪಕ್ಕದ ದೋಣಿಯ ನಾಥು ನಕ್ಕ. "ಅದು ಓಮಾನಿಗೆ ಹೋಗತ್ತೆ ಅಂದೋರು ನೀವೇ ಅಲ್ವಾ?"

"ಅದು ತಣ್ಣಗಿದ್ದ ಕಡಲಿನ ಮಾತು ಮಗಾ. ಬಿಸಿನೀರೇ ಅದಕ್ಕೆ ಊಟ, ಈಗ ನಮ್ಮ ಕಡೇನೂ ಎಲೆ ಹಾಕಿದೆ. ಎತ್ತ ಹೋಗತ್ತೋ ನಂಗೊತ್ತಿಲ್ಲ. ಗೊತ್ತಿಲ್ದೇ ನಿನ್ ಜೀವ ಇಟ್ಟು ಜೂಜಾಡ್ಲಾ?"

ನಾಥು ಗೊಣಗುತ್ತಲೇ ಬಲೆ ಎತ್ತಿದ; ಏಳೂ ದೋಣಿಗಳು ಊರು ಸೇರಿದವು. ಮೂರನೆಯ ದಿನ ಗಾಳಿ ನಮ್ಮ ದಂಡೆಗೇ ಬಂತು. ಹೆಂಚು ಹಾರಿದವು, ದಂಡೆಗೆ ಕಟ್ಟಿದ ದೋಣಿಗಳೂ ಒಡೆದವು; ದೋಣಿಯ ಜನರೆಲ್ಲ ಮಾತ್ರ ಊರ ಶಾಲೆಯೊಳಗೆ ಕ್ಷೇಮವಾಗಿದ್ದರು.

ಅಲ್ಲಿ ನಾಥು ಕಾಲು ಮುಟ್ಟಲು ಬಂದಾಗ ಹರಜೀಭಾಯಿ ಅವನ ಕೈಗೆ ರೊಟ್ಟಿ ಮುರಿದುಕೊಟ್ಟ. "ನನ್ ಮಾತು ನಾನೇ ಬದಲಾಯಿಸೋವಾಗ ಗಾಳಿಗಿಂತ ನಿಮ್ಮೆಲ್ಲರ ನಗೂಗೇ ಹೆಚ್ಚು ಹೆದರಿದ್ದೆ ಕಣೋ."