ಮೂರು ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಇಳಿದದ್ದು

ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದವರೆಲ್ಲ ಇಳಕಲ್ಲಿಗೆ ತಿರುಗಿ ಬಂದ ಮರುವರ್ಷದ ಬೇಸಿಗೆ ಅದು. ನನಗಾಗ ಹನ್ನೊಂದು, ತಂಗಿ ಗೌರಿಗೆ ಒಂಬತ್ತು. ಬ್ಯಾನಿ ಊರು ಬಿಟ್ಟಿತ್ತು, ಅವ್ವನ ಭಯ ಮನೆ ಬಿಟ್ಟಿರಲಿಲ್ಲ. ಸೀನಿದರೆ ಕಷಾಯ, ಹೊಸ್ತಿಲು ದಾಟಿದರೆ ಕೂಗು. ಓಣಿಯ ಹುಡುಗರೆಲ್ಲ ಮಧ್ಯಾಹ್ನ ಮೆಟ್ಟಿಲುಬಾವಿಗೆ ಧುಮುಕುತ್ತಿದ್ದರೆ ನಾನು ಅವ್ವನ ಪಕ್ಕ ಕೂತು ನೂಲು ಸುತ್ತುತ್ತಿದ್ದೆ.

ಕಡೆಗೆ ಹಟ ಹಿಡಿದೆ. ರೊಟ್ಟಿ ಮುಟ್ಟಲಿಲ್ಲ. ಅಪ್ಪ ಮಗ್ಗದಲ್ಲಿ ಕೂತಲ್ಲಿಂದಲೇ ಅಂದ, "ಹೋಗ್ಲಿ ಬಿಡ. ಹುಡುಗನ್ನ ಉಪ್ಪಿನಕಾಯಿ ಹಾಕಿ ಇಡಾಕ ಬರ್ತದೇನು?"

ಅವ್ವ ಒಪ್ಪಿದಳು, ಆದರೆ ಗೌರಿಯನ್ನು ಕರೆದುಕೊಂಡು ತಾನೂ ಬಂದಳು. ಈಜು ಕಲಿಯುವವರು ಮುಳುಗದಿರಲೆಂದು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುವುದು ನಮ್ಮ ಕಡೆಯ ರೂಢಿ. ಎಲ್ಲರೂ ಒಂದು ಕಟ್ಟಿದರೆ ಅವ್ವ ಮೂರು ಕಟ್ಟಿದಳು. ಒಂದೇ ಹಗ್ಗದಲ್ಲಿ ಬೆನ್ನಿಗೊಂದು, ಸೊಂಟಕ್ಕೆರಡು. ದಿನವಿಡೀ ಹರಿದ ಎಳೆಗೆ ಗಂಟು ಹಾಕುವ ಕೈ ಅದು, ಗಂಟು ಸಡಿಲಾಗುವ ಮಾತೇ ಇಲ್ಲ.

"ಏನ್ಲೇ, ಸಂತಿಗೆ ಕಾಯಿ ಮಾರಾಕ ಹೊಂಟೀಯೇನು?" ಎಂದ ನೀರಲ್ಲಿದ್ದ ಗೆಳೆಯ ಮಹಬೂಬ. ಎಲ್ಲರೂ ನಕ್ಕರು. ನಾಚಿಕೆಗೆ ಧುಮುಕಿಬಿಟ್ಟೆ.

ಬುರುಡೆಗಳು ತಮ್ಮ ಕೆಲಸ ಸರಿಯಾಗೇ ಮಾಡಿದವು. ಸೊಂಟ ಮೇಲೆ ತೇಲಿತು, ತಲೆ ಕೆಳಗೆ ಹೋಯಿತು. ಒದ್ದಾಡಿದಷ್ಟೂ ಮೂಗು ಬಾಯಿಗೆಲ್ಲ ನೀರು. ಮಹಬೂಬ ಬಂದು ಗಂಟು ಎಳೆದ, ಅದು ಬಿಚ್ಚಿಕೊಳ್ಳಲಿಲ್ಲ. ನನ್ನನ್ನೇ ಮೆಟ್ಟಿಲ ಕಡೆ ತಳ್ಳಿದ.

"ಯವ್ವಾ, ಅಣ್ಣ ತಲಿಕೆಳಗಾಗ್ಯಾನ" ಎಂದು ಗೌರಿ ಅಳತೊಡಗಿದಳಂತೆ.

ಪಾದ ಮುಳುಗುವಷ್ಟು ನೀರಿಗೂ ಹೆದರುವ ಅವ್ವ ಸೀರೆಸಮೇತ ಎದೆಮಟ್ಟ ಇಳಿದು ಬಂದಳು. ಒಂದು ಕೈಯಲ್ಲಿ ನನ್ನ ಜುಟ್ಟು ಹಿಡಿದು ತಲೆ ಎತ್ತಿದಳು, ಇನ್ನೊಂದರಲ್ಲಿ ಗಂಟಿನ ತುದಿ ಹುಡುಕಿ ಜಗ್ಗಿದಳು. ಮೂರೂ ಬುರುಡೆ ಬಿಚ್ಚಿಕೊಂಡು ತೇಲಿಹೋದವು.

"ಬಿಡಬ್ಯಾಡಬೇ" ಎಂದೆ ಕೆಮ್ಮುತ್ತ.

"ಬಿಡ್ತೇನೇನೋ" ಎನ್ನುವಷ್ಟರಲ್ಲಿ ಪಾಚಿಗೆ ಅವಳ ಕಾಲು ಜಾರಿತು. ಎರಡೂ ಕೈಯಿಂದ ಗೋಡೆಯ ಕಲ್ಲು ಹಿಡಿದಳು. ನಾನು ಜೀವಭಯಕ್ಕೆ ಕೈಕಾಲು ಬಡಿದೆ. ಬಡಿಯುತ್ತ ಬಡಿಯುತ್ತ ನೋಡಿದರೆ, ಮುಳುಗಿರಲಿಲ್ಲ.

"ಬಾರೋ ಈಚಿ" ಎಂದಳು ಅವ್ವ.

"ತಡಿಯಬೇ" ಎಂದು ನಾಯಿಯ ಹಾಗೆ ಈಜಿ ಆಚೆ ಗೋಡೆ ಮುಟ್ಟಿದೆ. ಬದುಕಿನಲ್ಲಿ ಅವ್ವನಿಗೆ ಕಾಯಲು ಹೇಳಿದ್ದು ಅದೇ ಮೊದಲು.

"ನಾನೂ ಕಲೀತೇನಿ" ಎಂದಳು ಗೌರಿ ಕಣ್ಣೊರೆಸಿಕೊಂಡು. ಅವ್ವ ಸೀರೆ ಹಿಂಡುತ್ತ ಅಂದಳು, "ನಾಳಿ ಬಾ. ನಿನಗ ಒಂದ ಬುರುಡಿ."

ಮನೆಗೆ ಬಂದವಳೇ ಅಪ್ಪನಿಗೆ ಹೇಳಿದ್ದು, "ಇವಗ ಈಜ ಕಲಿಸಿದಾಕಿ ನಾನ." ಅಪ್ಪ ನನ್ನ ಮುಖ ನೋಡಿದ. ನಾನು ಹೂಂ ಅಂದೆ.

ಈಗ ತಲೆ ಅರ್ಧ ನರೆತಿದೆ. ಈಜು ಕಲಿಸಿದವರು ಯಾರೆಂದು ಯಾರಾದರೂ ಕೇಳಿದರೆ ಅವ್ವನ ಹೆಸರೇ ಹೇಳುತ್ತೇನೆ. ಅದರಲ್ಲಿ ಸುಳ್ಳೆಲ್ಲಿದೆ ಎಂದು ಹುಡುಕಿದರೂ ಸಿಗುವುದಿಲ್ಲ.